ಮೊದಲ ಒಂಟೆಗೆ ರೋಗ ಎಲ್ಲಿಂದ ಬಂತು?

ಬೇಸಿಗೆ ಬೆಳೆಯ ಭತ್ತ ಕೊಯ್ಲಾದ ಮೇಲೆ ನೀವು ಸಿಂಧನೂರು ಕಡೆ ಬಂದಿದ್ದರೆ ಕಾಲುವೆ ಬದಿಯ ಗದ್ದೆಗಳಲ್ಲಿ ಕುರಿಹಟ್ಟಿಗಳನ್ನು ಕಂಡಿರುತ್ತೀರಿ. ಮಸ್ಕಿ, ಲಿಂಗಸುಗೂರು ಕಡೆಯ ಒಣ ಭೂಮಿಯಿಂದ ಕುರಿಗಾರರು ತಮ್ಮ ಹಿಂಡುಗಳನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಈ ನೀರಾವರಿ ಹೊಲಗಳಿಗೆ ಹೊಡೆದುಕೊಂಡು ಬರುತ್ತಾರೆ. ಕುರಿಗೆ ಕೂಳೆಯ ಮೇವು, ಹೊಲಕ್ಕೆ ಹಿಕ್ಕೆಯ ಗೊಬ್ಬರ. ಹೊಲದ ಒಡೆಯ ಕುರಿಗಾರನಿಗೆ ಒಂದಿಷ್ಟು ಕಾಳು, ಒಂದಿಷ್ಟು ಹಣ ಕೊಡುತ್ತಾನೆ. ತಲೆತಲಾಂತರದಿಂದ ನಡೆದು ಬಂದ ಒಪ್ಪಂದವಿದು.

2025ರ ಮೇ ತಿಂಗಳಲ್ಲಿ, ಬಕ್ರೀದ್‌ಗೆ ಇನ್ನೂ ಮೂರು ವಾರವಿರುವಾಗ, ಸಾಲಗುಂದದ ಬಳಿ ಇಂಥದೇ ಒಂದು ಹಟ್ಟಿಯ ಮುಂದೆ ನಾಲ್ಕೈದು ಜನ ನಿಂತಿದ್ದರು. ನಾನೂ ಬೈಕ್ ನಿಲ್ಲಿಸಿದೆ. ಒಂದೂವರೆ ವರ್ಷದ ಒಂದು ಟಗರು ತಲೆಯನ್ನು ಎಡಕ್ಕೆ ವಾಲಿಸಿಕೊಂಡು ನಿಂತಲ್ಲೇ ಸುತ್ತುತ್ತಿತ್ತು. ಸುತ್ತಿ ಸುತ್ತಿ ಬೀಳುತ್ತಿತ್ತು, ಎದ್ದು ಮತ್ತೆ ಅದೇ ದಿಕ್ಕಿಗೆ ಸುತ್ತುತ್ತಿತ್ತು. ಕುರಿಗಾರ ನನ್ನನ್ನು ಕಂಡು ಕೇಳಿದ: "ಸಾರ್, ಇದು ಹುಚ್ಚು ಹಸುವಿನ ರೋಗ ಏನ್ರೀ? ನನ್ ಮಗ ಮೊಬೈಲ್‌ನ್ಯಾಗ ನೋಡ್ಯಾನ. ಒಂದಕ್ಕ ಬಂದ್ರ ಎಲ್ಲಾಕ್ಕೂ ಬರ್ತದಂತ." ಅವನ ಮುಖದಲ್ಲಿದ್ದ ಭಯ ಒಂದು ಟಗರಿನದಲ್ಲ, ಇಡೀ ಹಿಂಡಿನದು. ಪಕ್ಕದಲ್ಲಿದ್ದವನೊಬ್ಬ ಮೆಲ್ಲಗೆ, ಈ ವಾರದ ಸಂತೆಯಲ್ಲಿ ದಾಟಿಸಿಬಿಡು, ಹಬ್ಬದ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ ಎಂದ. ನನ್ನ ಟೋಪಿ, ಗಡ್ಡ ನೋಡಿದ ಮೇಲೆ ಅವನು ಮಾತು ನುಂಗಿಕೊಂಡ ಅನ್ನಿ.

ನಾನು ಮದ್ರಸಾದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದವನು. ವಿಜ್ಞಾನದ ವಿದ್ಯಾರ್ಥಿಯಲ್ಲ. ಪಶುವೈದ್ಯರಿಗೆ ಫೋನ್ ಮಾಡಿ ಎಂದಷ್ಟೇ ಹೇಳಿ ಬಂದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಜಾತಿಯ ಪ್ರಾಣಿಯ ರೋಗ ಇನ್ನೊಂದು ಜಾತಿಗೆ ಹೇಗೆ ದಾಟುತ್ತದೆ? ದಾಟುವುದಾದರೆ ನಮ್ಮ ಅಡುಗೆ ಮನೆಯವರೆಗೂ ಬರುತ್ತದೆಯೇ? ಓದುತ್ತಾ ಹೋದಂತೆ ಈ ಕಥೆ ಇಂಗ್ಲೆಂಡಿನ ದನದ ಕೊಟ್ಟಿಗೆಯಿಂದ ಅಮೆರಿಕದ ಕಾಡಿಗೆ, ನಾರ್ವೆಯ ಹಿಮಕ್ಕೆ, ಅಲ್ಜೀರಿಯದ ಮರಳಿಗೆ, ಕೊನೆಗೆ ನಮ್ಮ ಬೆಂಗಳೂರಿಗೇ ಬಂದು ಮುಟ್ಟಿತು. ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಜೀವವಿಲ್ಲದ ರೋಗಕಾರಕ

ಜ್ವರ, ಕಾಲರಾ, ಕ್ಷಯ ಎಂದರೆ ಅದರ ಹಿಂದೆ ಒಂದು ವೈರಸ್ಸೋ ಬ್ಯಾಕ್ಟೀರಿಯಾವೋ ಇರುತ್ತದೆಂದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಹುಚ್ಚು ಹಸುವಿನ ರೋಗದ ಹಿಂದೆ ಅಂಥ ಯಾವ ಜೀವಿಯೂ ಇಲ್ಲ. ಅಲ್ಲಿರುವುದು ಒಂದು ಪ್ರೊಟೀನ್ ಮಾತ್ರ. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರೂಸಿನರ್ 1982ರಲ್ಲಿ ಅದಕ್ಕೆ 'ಪ್ರಿಯಾನ್' ಎಂದು ಹೆಸರಿಟ್ಟರು. ಜೀವವಿಲ್ಲದ್ದು ರೋಗ ಹರಡುವುದೆಂದರೇನು ಎಂದು ಆಗ ಅನೇಕರು ನಕ್ಕರು. 1997ರಲ್ಲಿ ಅದೇ ಕೆಲಸಕ್ಕೆ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಈ ಪ್ರೊಟೀನ್ ಹೊರಗಿನಿಂದ ಬಂದದ್ದೇನೂ ಅಲ್ಲ. ನಮ್ಮ ನಿಮ್ಮ ಮಿದುಳಿನಲ್ಲಿ, ಕುರಿ, ದನ, ಜಿಂಕೆ, ಒಂಟೆಯ ಮಿದುಳಿನಲ್ಲಿ ಅದು ಹುಟ್ಟಿನಿಂದಲೇ ಇದೆ. ಅದಕ್ಕೊಂದು ಸರಿಯಾದ ಮಡಿಕೆ ಇದೆ. ಯಾವಾಗಲೋ ಒಂದು ಕಣ ತಪ್ಪಾಗಿ ಮಡಿಚಿಕೊಂಡಿತೆನ್ನಿ. ಆ ತಪ್ಪು ಕಣ ತನ್ನ ಪಕ್ಕದ ಸರಿಯಾದ ಕಣವನ್ನೂ ತನ್ನಂತೆಯೇ ಮಡಿಸುತ್ತದೆ. ಅದು ಮತ್ತೊಂದನ್ನು. ಅಕ್ಕಂದಿರೇ, ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನೆಲ್ಲ ಮೊಸರು ಮಾಡುವುದಿಲ್ಲವೇ, ಹಾಗೆ. ಹೆಪ್ಪಿನಲ್ಲಾದರೂ ಜೀವಾಣುಗಳಿವೆ, ಇಲ್ಲಿ ಅದೂ ಇಲ್ಲ. ಹಾಲು ಒಂದು ರಾತ್ರಿಯಲ್ಲಿ ಹೆಪ್ಪಾದರೆ ಮಿದುಳಿನಲ್ಲಿ ಇದು ನಡೆಯಲು ವರ್ಷಗಳೇ ಬೇಕು. ದನಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ವರ್ಷ. ಅಷ್ಟರಲ್ಲಿ ಮಿದುಳು ತೂತು ತೂತಾಗಿ ಸ್ಪಂಜಿನಂತಾಗುತ್ತದೆ. ನಡಿಗೆ ತಪ್ಪುತ್ತದೆ, ಸ್ವಭಾವ ಬದಲಾಗುತ್ತದೆ, ಸಾವು ಬರುತ್ತದೆ. ಇದಕ್ಕೆ ಔಷಧವಿಲ್ಲ. ಬೇಯಿಸಿದರೆ ಇದು ಸಾಯುವುದಿಲ್ಲ, ಸಾಯಲು ಅದಕ್ಕೆ ಜೀವವೇ ಇಲ್ಲವಲ್ಲ.

ಇನ್ನು ಜಾತಿಯಿಂದ ಜಾತಿಗೆ ದಾಟುವ ವಿಚಾರ. ಕುರಿಯ ಪ್ರೊಟೀನ್ ಬೇರೆ, ಮನುಷ್ಯನದು ಬೇರೆ. ಮಡಿಕೆ ಹತ್ತಿರ ಹತ್ತಿರ ಇದ್ದರೆ ಮಾತ್ರ ಒಂದು ಇನ್ನೊಂದನ್ನು ಕೆಡಿಸಬಲ್ಲದು. ಆಕಳ ಹಾಲಿನ ಹೆಪ್ಪು ಎಮ್ಮೆಯ ಹಾಲಿಗೆ ನಡೆಯುತ್ತದೆ, ತೆಂಗಿನ ಹಾಲಿಗೆ ಅದೇ ರೀತಿ ಗಟ್ಟಿಯಾಗುವುದಿಲ್ಲ. ಈ ವ್ಯತ್ಯಾಸವನ್ನೇ ವಿಜ್ಞಾನಿಗಳು 'ಜಾತಿಯ ತಡೆಗೋಡೆ' ಎನ್ನುತ್ತಾರೆ. ಕುರಿಗಳಿಗೆ ಬರುವ ಸ್ಕ್ರೇಪಿ ಎಂಬ ಪ್ರಿಯಾನ್ ರೋಗ ಯುರೋಪಿನಲ್ಲಿ 250 ವರ್ಷಗಳಿಗೂ ಹಿಂದಿನಿಂದ ಗೊತ್ತು. ತುರಿಕೆ ತಾಳಲಾರದೆ ಕುರಿ ಬೇಲಿಗೆ, ಗೋಡೆಗೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಿತ್ತುಕೊಳ್ಳುವುದರಿಂದ ಆ ಹೆಸರು. ಇಷ್ಟು ಕಾಲ ಆ ಕುರಿಗಳ ಮಾಂಸ ತಿಂದ ಜನರಿಗೆ ಅದು ಅಂಟಿದ ಪುರಾವೆಯಿಲ್ಲ. ಇದನ್ನು ನಂಬಿಯೇ ಇಂಗ್ಲೆಂಡಿನವರು ಮೋಸ ಹೋದದ್ದು.

ಹುಲ್ಲು ತಿನ್ನುವವಕ್ಕೆ ಮಾಂಸ ತಿನ್ನಿಸಿದಾಗ

ಹಾಲು ಹೆಚ್ಚು ಕೊಡಲಿ ಎಂದು ಬ್ರಿಟನ್ನಿನಲ್ಲಿ ದನಗಳಿಗೆ ಮಾಂಸ ಮತ್ತು ಮೂಳೆಯ ಪುಡಿ ಬೆರೆಸಿದ ಮೇವು ಹಾಕುತ್ತಿದ್ದರು. ಕಸಾಯಿಖಾನೆಯಲ್ಲಿ ಉಳಿದದ್ದು, ಸತ್ತ ಕುರಿ, ಸತ್ತ ದನ ಎಲ್ಲವೂ ಆ ಪುಡಿಯಲ್ಲಿ ಸೇರುತ್ತಿತ್ತು. ಅಂದರೆ ಹುಲ್ಲು ತಿನ್ನಲೆಂದು ಸೃಷ್ಟಿಯಾದ ಪ್ರಾಣಿಗೆ ಅದರ ಜಾತಿಯದೇ ಹೆಣ ತಿನ್ನಿಸಿದ್ದಾಯಿತು. 1986ರಲ್ಲಿ ದನಗಳ ಮಿದುಳಿನಲ್ಲಿ ಹೊಸ ರೋಗವನ್ನು ಗುರುತಿಸಿದರು. ಒಂದು ಸತ್ತ ದನ ಪುಡಿಯಾಗಿ ನೂರಾರು ದನಗಳ ಹೊಟ್ಟೆ ಸೇರಿತು, ಅವು ಸತ್ತು ಸಾವಿರಾರು ದನಗಳ ಹೊಟ್ಟೆ ಸೇರಿದವು. 1988ರಲ್ಲಿ ಆ ಮೇವನ್ನು ನಿಷೇಧಿಸುವ ಹೊತ್ತಿಗೆ ಬೆಂಕಿ ಹತ್ತಿ ಆಗಿತ್ತು. ಬ್ರಿಟನ್ ಒಂದರಲ್ಲೇ 1,80,000ಕ್ಕೂ ಹೆಚ್ಚು ದನಗಳಲ್ಲಿ ರೋಗ ದೃಢಪಟ್ಟಿತು. ಮುನ್ನೆಚ್ಚರಿಕೆಗೆಂದು ಕೊಂದು ಸುಟ್ಟ ದನಗಳ ಸಂಖ್ಯೆ 40 ಲಕ್ಷ ದಾಟಿತು.

ಗೋಡೆ ಬಿರುಕು ಬಿಡುತ್ತಿದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಎಲ್ಲಿ ಗೊತ್ತೇ? ಮೃಗಾಲಯಗಳಲ್ಲಿ. ಆಫ್ರಿಕದ ಕಾಡಿನ ನ್ಯಾಲಾ ಎಂಬ ಜಿಂಕೆಯಂಥ ಪ್ರಾಣಿಯೊಂದು 1986ರಲ್ಲೇ ಇಂಗ್ಲೆಂಡಿನ ಮೃಗಾಲಯದಲ್ಲಿ ಇದೇ ಬಗೆಯ ಕಾಯಿಲೆಯಿಂದ ಸತ್ತಿತ್ತು. ಆಮೇಲೆ ಲಂಡನ್ ಮೃಗಾಲಯದಲ್ಲಿ ಕುಡು ಎಂಬ ದೊಡ್ಡ ಕೊಂಬಿನ ಮೃಗಗಳು. ಅಚ್ಚರಿಯೆಂದರೆ ಆ ಮೇವನ್ನೇ ತಿನ್ನದ ಕುಡು ಮರಿಗಳಿಗೂ ರೋಗ ಬಂತು. ಅದೇ ಲಂಡನ್ನಿನಲ್ಲಿ ಒಂದು ಅರೇಬಿಯನ್ ಓರಿಕ್ಸ್ ಕೂಡ ಸತ್ತಿತು. ಓರಿಕ್ಸ್ ಗೊತ್ತಲ್ಲ, ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಿಮ್ಮ ಮನೆಯವರು ಅದನ್ನು ಅಲ್ಲಿನ ಚಿತ್ರಗಳಲ್ಲಿ, ಕತಾರ್ ಏರ್‌ವೇಸ್ ವಿಮಾನದ ಬಾಲದಲ್ಲಿ ನೋಡಿಯೇ ಇರುತ್ತಾರೆ. ಬೇಟೆಗಾರರ ಕೈಗೆ ಸಿಕ್ಕಿ 1972ರ ಹೊತ್ತಿಗೆ ಮರಳುಗಾಡಿನಲ್ಲಿ ಅಳಿದೇಹೋಗಿದ್ದ, ಮೃಗಾಲಯಗಳಲ್ಲಿ ಜೋಪಾನ ಮಾಡಿ ಉಳಿಸಿದ ಪ್ರಾಣಿ. ಅದನ್ನು ಉಳಿಸಲು ಹೊರಟವರೇ ಅದರ ಮುಂದೆ ವಿಷದ ಮೇವಿಟ್ಟಿದ್ದರು, ಗೊತ್ತಿಲ್ಲದೆ.

ಬಳಿಕ ಚಿರತೆಯ ಬಂಧು ಚೀತಾ, ಪ್ಯೂಮಾ, ಹುಲಿ, ಹೀಗೆ ದನದ ಮಾಂಸ ತಿನ್ನಿಸಿದ ದೊಡ್ಡ ಬೆಕ್ಕುಗಳು. 1990ರಲ್ಲಿ ಬ್ರಿಸ್ಟಲ್ ನಗರದ ಒಂದು ಸಾಕು ಬೆಕ್ಕು ಅದೇ ರೋಗದಿಂದ ಸತ್ತಾಗ ಜನ ಬೆಚ್ಚಿದರು. ಬೆಕ್ಕಿಗೆ ಬಂದದ್ದು ಮಗುವಿಗೆ ಬಾರದೇ? ಕೃಷಿ ಸಚಿವ ಜಾನ್ ಗಮ್ಮರ್ ಟಿ.ವಿ. ಕ್ಯಾಮೆರಾಗಳ ಮುಂದೆ ನಿಂತು ತಮ್ಮ ನಾಲ್ಕು ವರ್ಷದ ಮಗಳ ಬಾಯಿಗೆ ಬರ್ಗರ್ ಹಿಡಿದರು. ಎಲ್ಲವೂ ಕ್ಷೇಮ ಎಂದು ತೋರಿಸುವುದಕ್ಕೆ. ಆರು ವರ್ಷಗಳ ನಂತರ, 1996ರ ಮಾರ್ಚ್‌ನಲ್ಲಿ, ಅದೇ ಸರಕಾರ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಹರೆಯದವರಲ್ಲಿ ಕಂಡುಬಂದ ಹೊಸ ಮಿದುಳು ರೋಗಕ್ಕೆ ದನದ ರೋಗವೇ ಕಾರಣವಿರುವ ಸಾಧ್ಯತೆ ಹೆಚ್ಚೆಂದು ಒಪ್ಪಿಕೊಳ್ಳಬೇಕಾಯಿತು. ಬ್ರಿಟನ್ನಿನಲ್ಲಿ ಆ ರೋಗದಿಂದ ಸತ್ತವರು 178 ಮಂದಿ. ಭಯಪಟ್ಟಷ್ಟು ದೊಡ್ಡ ಸಂಖ್ಯೆ ಅಲ್ಲ, ನಿಜ. ಆದರೆ ಬಹಳಷ್ಟು ಮಂದಿ ಇಪ್ಪತ್ತರ, ಮೂವತ್ತರ ಹರೆಯದವರು. ಅವರ ತಾಯಂದಿರಿಗೆ ಅಂಕಿಸಂಖ್ಯೆ ಹೇಳಿ ಸಮಾಧಾನ ಮಾಡಲಾದೀತೇ?

ಒಂದು ವಿಚಿತ್ರ ಕೇಳಿ. ಬೆಕ್ಕುಗಳು ತಿಂದಂಥ ಮಾಂಸವನ್ನೇ ಬ್ರಿಟನ್ನಿನ ನಾಯಿಗಳೂ ತಿಂದವು. ನಾಯಿಗಳಲ್ಲಿ ಒಂದೂ ಪ್ರಕರಣ ದೃಢಪಟ್ಟಿಲ್ಲ. ನಾಯಿ, ತೋಳ, ನರಿಗಳ ಜಾತಿಯ ಪ್ರೊಟೀನಿನಲ್ಲಿ ಒಂದು ಪುಟ್ಟ ವ್ಯತ್ಯಾಸವಿದೆ, ಅದು ತಪ್ಪು ಮಡಿಕೆಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಹೆಣ ತಿಂದು ಊರು ಕಾಡನ್ನು ಶುಚಿಯಾಗಿಡುವ ಕೆಲಸಕ್ಕೆ ನಿಂತ ಪ್ರಾಣಿಗೆ ಸೃಷ್ಟಿಕರ್ತನು ಇಂಥದೊಂದು ಕವಚ ಕೊಟ್ಟಿದ್ದಾನೆ ಎಂದು ನನಗನಿಸುತ್ತದೆ. ಇದು ವಿಜ್ಞಾನಿಗಳ ಮಾತಲ್ಲ, ನನ್ನದು.

ಜಿಂಕೆ, ಹಿಮಸಾರಂಗ, ಒಂಟೆ

ಕೊಟ್ಟಿಗೆಯ ರೋಗವನ್ನು ಮೇವು ನಿಲ್ಲಿಸಿ ತಡೆಯಬಹುದು. ಕಾಡಿನಲ್ಲಿ ಹಬ್ಬಿದ್ದನ್ನು ತಡೆಯುವುದು ಹೇಗೆ? ಅಮೆರಿಕದ ಕೊಲರಾಡೊ ರಾಜ್ಯದ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಜಿಂಕೆಗಳು 1967ರಿಂದ ಬಡಕಲಾಗಿ, ಜೊಲ್ಲು ಸುರಿಸುತ್ತಾ, ತಲೆ ತಗ್ಗಿಸಿ ನಿಂತು ಸಾಯತೊಡಗಿದವು. ಸರಿಯಾದ ಆಹಾರ ಸಿಗುತ್ತಿಲ್ಲವೇನೋ ಎಂದುಕೊಂಡಿದ್ದರು. 1970ರ ದಶಕದ ಕೊನೆಯಲ್ಲಿ ಎಲಿಜಬೆತ್ ವಿಲಿಯಮ್ಸ್ ಎಂಬ ಯುವ ಪಶುವೈದ್ಯೆ ಆ ಮಿದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಸ್ಕ್ರೇಪಿಯ ಬಳಗದ್ದು ಎಂದು ಗುರುತಿಸಿದರು. 1981ರಲ್ಲಿ ಕಾಡಿನ ಎಲ್ಕ್ ಎಂಬ ದೊಡ್ಡ ಸಾರಂಗದಲ್ಲೂ ಕಂಡಿತು. ಇಂದು ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ, ಕೆನಡಾದಲ್ಲಿ ಅದು ಬೇರುಬಿಟ್ಟಿದೆ. ಕೆನಡಾದಿಂದ ತರಿಸಿದ ಎಲ್ಕ್‌ಗಳೊಂದಿಗೆ ದಕ್ಷಿಣ ಕೊರಿಯಾಕ್ಕೂ ಹೋಯಿತು. ಇದನ್ನು ನಾವು ಸೊರಗುರೋಗ ಎನ್ನಬಹುದು.

ಇದು ದನದ ರೋಗಕ್ಕಿಂತ ಕಠಿಣ. ಏಕೆಂದರೆ ಇಲ್ಲಿ ಹೆಣ ತಿನ್ನಲೇಬೇಕೆಂದಿಲ್ಲ. ರೋಗಿಷ್ಟ ಜಿಂಕೆಯ ಜೊಲ್ಲು, ಮೂತ್ರ, ಹಿಕ್ಕೆಯಲ್ಲೇ ಪ್ರಿಯಾನ್ ಹೊರಬೀಳುತ್ತದೆ. ಮಣ್ಣಿಗೆ ಅಂಟಿಕೊಂಡು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಜಿಂಕೆ ಸತ್ತು, ಕೊಳೆತು, ಮೂಳೆ ಮಣ್ಣಾದ ಮೇಲೂ ಅಲ್ಲಿ ಬೆಳೆದ ಹುಲ್ಲು ಮೇಯಲು ಬಂದ ಇನ್ನೊಂದು ಜಿಂಕೆಗೆ ಅದು ಸಿಗಬಹುದು. 2016ರಲ್ಲಿ ನಾರ್ವೆಯ ನೂರ್ಡ್‌ಫಿಯೆಲ್ಲಾ ಪರ್ವತಗಳಲ್ಲಿ ಒಂದು ಕಾಡು ಹಿಮಸಾರಂಗದಲ್ಲಿ ಇದು ಪತ್ತೆಯಾದಾಗ ಯುರೋಪ್ ಕಂಗಾಲಾಯಿತು. ಆ ದೇಶ ಗಟ್ಟಿ ಮನಸ್ಸು ಮಾಡಿ ಆ ಪ್ರದೇಶದ ಇಡೀ ಹಿಂಡನ್ನು, 2,000ಕ್ಕೂ ಹೆಚ್ಚು ಹಿಮಸಾರಂಗಗಳನ್ನು ಕೊಂದಿತು. ಅಮೆರಿಕದಲ್ಲಿ ಪ್ಯೂಮಾಗಳು ಹಿಂಡಿನಲ್ಲಿ ರೋಗಿಷ್ಟ ಜಿಂಕೆಗಳನ್ನೇ ಹೆಚ್ಚಾಗಿ ಆರಿಸಿ ಹೊಡೆಯುತ್ತವೆ ಎಂದು ಅಧ್ಯಯನವೊಂದು ತೋರಿಸಿದೆ. ಬೇಟೆಯ ಪ್ರಾಣಿಗಳು ಕಾಡಿನ ವೈದ್ಯರಂತೆಯೂ ಇರುತ್ತವೆ. ಸೊರಗುರೋಗ ಮನುಷ್ಯರಿಗೆ ದಾಟಿದ ಒಂದೂ ಪ್ರಕರಣ ಇದುವರೆಗೆ ದೃಢಪಟ್ಟಿಲ್ಲ. ಆದರೂ ಪರೀಕ್ಷೆಯಲ್ಲಿ ರೋಗವಿದೆಯೆಂದು ಕಂಡ ಜಿಂಕೆಯ ಮಾಂಸ ತಿನ್ನಬೇಡಿ ಎಂದೇ ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಬರ್ಗರ್ ಪ್ರಸಂಗದಿಂದ ಕಲಿತ ಪಾಠವಿರಬೇಕು.

2018ರಲ್ಲಿ ಮತ್ತೊಂದು ಸುದ್ದಿ ಬಂತು, ಈ ಸಲ ಮುಸ್ಲಿಂ ನಾಡಿನಿಂದ. ಅಲ್ಜೀರಿಯದ ಊರ್‌ಗ್ಲಾ ಪಟ್ಟಣದ ಕಸಾಯಿಖಾನೆಗೆ ಬಂದ ಒಂಟೆಗಳಲ್ಲಿ ಕೆಲವು ತೂರಾಡುತ್ತಿದ್ದವು, ತಲೆ ನಡುಗಿಸುತ್ತಿದ್ದವು, ಸುಮ್ಮನೆ ಕೆರಳುತ್ತಿದ್ದವು. ಅಂಥ ಮೂರು ಒಂಟೆಗಳ ಮಿದುಳು ಪರೀಕ್ಷಿಸಿದಾಗ ಪ್ರಿಯಾನ್ ರೋಗ ದೃಢಪಟ್ಟಿತು. ಒಂಟೆಯಲ್ಲಿ ಅದು ಮೊದಲ ಸಲ. ಮರುವರ್ಷ ಪಕ್ಕದ ಟ್ಯುನೀಷಿಯದಿಂದಲೂ ವರದಿಯಾಯಿತು. ಇದು ದನದಿಂದ ಬಂತೇ, ಕುರಿಯಿಂದ ಬಂತೇ, ತಾನಾಗಿ ಹುಟ್ಟಿತೇ ಎಂಬುದು ಇತ್ಯರ್ಥವಾಗಿಲ್ಲ.

ಈ ಸುದ್ದಿ ಓದುವಾಗ ನನಗೆ ಮದ್ರಸಾದಲ್ಲಿ ಓದಿದ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅಬೂ ಹುರೈರಾ(ರ) ಅವರಿಂದ ವರದಿಯಾದ ಪ್ರಸಂಗವೊಂದು ನೆನಪಾಯಿತು. ಮರಳಿನಲ್ಲಿ ಜಿಂಕೆಗಳಂತೆ ಚೆಂದವಾಗಿದ್ದ ತನ್ನ ಒಂಟೆಗಳ ನಡುವೆ ಕಜ್ಜಿಯ ಒಂಟೆ ಸೇರಿ ಎಲ್ಲಕ್ಕೂ ಕಜ್ಜಿಯಾಗುತ್ತದಲ್ಲ ಎಂದು ಹಳ್ಳಿಗನೊಬ್ಬ ಪ್ರವಾದಿ(ಸ)ರಲ್ಲಿ ಕೇಳಿದ. ಹಾಗಾದರೆ ಮೊದಲನೆಯ ಒಂಟೆಗೆ ಅಂಟಿಸಿದವರು ಯಾರು ಎಂದು ಪ್ರವಾದಿ(ಸ) ಮರುಪ್ರಶ್ನೆ ಹಾಕಿದರು. ರೋಗಕ್ಕೆ ತನ್ನದೇ ಸ್ವತಂತ್ರ ಶಕ್ತಿಯಿಲ್ಲ, ಎಲ್ಲವೂ ಅಲ್ಲಾಹನ ಆಜ್ಞೆಯಂತೆ ಎಂಬುದು ಅದರ ಸಾರ. ಆದರೆ ಅದೇ ಅಬೂ ಹುರೈರಾ(ರ) ಅವರು ಇನ್ನೊಂದನ್ನೂ ವರದಿ ಮಾಡಿದ್ದಾರೆ. ರೋಗಿಷ್ಟ ಒಂಟೆಗಳ ಒಡೆಯನು ಅವುಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂಬ ಪ್ರವಾದಿ(ಸ)ರ ಅಪ್ಪಣೆ ಅದು. ನಮ್ಮ ವಿದ್ವಾಂಸರು ಇವೆರಡನ್ನೂ ಒಟ್ಟಿಗಿಟ್ಟು, ವಿಶ್ವಾಸ ಅಲ್ಲಾಹನ ಮೇಲೆ, ಎಚ್ಚರ ಕಾರಣಗಳ ಮೇಲೆ ಎಂದು ವಿವರಿಸಿದ್ದಾರೆ. ಮೊದಲ ಅರ್ಧವನ್ನಷ್ಟೇ ಹಿಡಿದು ಲಸಿಕೆ ಬೇಡ, ಔಷಧ ಬೇಡ ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರು ಎರಡನೆಯದನ್ನೂ ಓದಬೇಕು.

ಇದರಲ್ಲಿ ಪ್ರಿಯಾನ್ ಇದೆ, 1,400 ವರ್ಷ ಮೊದಲೇ ಹೇಳಲಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಎಳೆದು ತರುವುದು ನನಗೆ ಹಿಡಿಸದು. ಆದರೆ ಮೊದಲನೆಯದಕ್ಕೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಈ ರೋಗದ ಮಟ್ಟಿಗೆ ಇಂದಿಗೂ ವಿಜ್ಞಾನಿಗಳ ಮುಂದೆ ಕೂತಿದೆ. ಮನುಷ್ಯರಲ್ಲಿ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಪ್ರಿಯಾನ್ ರೋಗವಿದೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಅದರಲ್ಲಿ ಹೆಚ್ಚಿನವರಿಗೆ ಯಾರಿಂದಲೂ ಅಂಟಿದ್ದಲ್ಲ. ಮೊದಲ ಕಣ ತಾನಾಗಿಯೇ ತಪ್ಪು ಮಡಿಚಿಕೊಂಡಿರುತ್ತದೆ, ಅಷ್ಟೆ.

ಬೆಂಗಳೂರು ಕೊಟ್ಟ ಉತ್ತರ

ಇಂಗ್ಲೆಂಡಿನ ಮೊದಲ ಹುಚ್ಚು ಹಸುವಿಗೆ ರೋಗ ಎಲ್ಲಿಂದ ಬಂತೆಂಬ ವಾದ ನಮ್ಮ ಬಾಗಿಲಿಗೂ ಬಂದು ನಿಂತದ್ದು ಅನೇಕರಿಗೆ ಗೊತ್ತಿಲ್ಲ. 2005ರ ಸೆಪ್ಟೆಂಬರ್‌ನಲ್ಲಿ 'ಲ್ಯಾನ್ಸೆಟ್' ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಅಲನ್ ಕೋಲ್ಚೆಸ್ಟರ್ ಮತ್ತು ನ್ಯಾನ್ಸಿ ಕೋಲ್ಚೆಸ್ಟರ್ ಎಂಬ ಬ್ರಿಟಿಷ್ ಸಂಶೋಧಕರು ಒಂದು ಊಹೆ ಮುಂದಿಟ್ಟರು. 1960, 70ರ ದಶಕಗಳಲ್ಲಿ ಬ್ರಿಟನ್ ಗೊಬ್ಬರಕ್ಕೂ ಮೇವಿಗೂ ಲಕ್ಷಾಂತರ ಟನ್ ಮೂಳೆ ತರಿಸಿಕೊಳ್ಳುತ್ತಿತ್ತು, ಅದರಲ್ಲಿ ಸುಮಾರು ಅರ್ಧದಷ್ಟು ಭಾರತ ಉಪಖಂಡದ್ದು. ಗಂಗೆಯಲ್ಲಿ ತೇಲಿಬಿಟ್ಟ ಹೆಣಗಳ ಮೂಳೆ ಅದರಲ್ಲಿ ಸೇರಿರಬಹುದು, ಅದರಲ್ಲೊಬ್ಬರಿಗೆ ಆ ಮಿದುಳು ರೋಗ ಇದ್ದಿರಬಹುದು, ಅದೇ ದನಕ್ಕೆ ದಾಟಿರಬಹುದು. ಇದಿಷ್ಟೂ 'ಇರಬಹುದು'ಗಳ ಸರಪಣಿ.

ಅದೇ ಸಂಚಿಕೆಯಲ್ಲಿ ಅದರ ಬೆನ್ನಿಗೇ ಉತ್ತರ ಬರೆದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಸ್.ಕೆ. ಶಂಕರ್ ಮತ್ತು ಡಾ. ಪಿ. ಸತೀಶ್ಚಂದ್ರ. ದೇಶದ ಮಿದುಳು ರೋಗಗಳ ಬಗ್ಗೆ ಮಾತಾಡಲು ಇವರಿಗಿಂತ ತಕ್ಕವರಿರಲಿಲ್ಲ. ಭಾರತದಲ್ಲಿ ಈ ರೋಗದಿಂದ ಸತ್ತವರ ದಾಖಲೆಗಳನ್ನು ವರ್ಷಗಳಿಂದ ಕೂಡಿಡುತ್ತಾ ಬಂದ ಸಂಸ್ಥೆಯದು. ಆ ಊಹೆಗೆ ತಕ್ಕ ಪುರಾವೆಯಿಲ್ಲ, ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಸಾಕ್ಷ್ಯಗಳನ್ನು ಜಾಗ್ರತೆಯಿಂದ ಕಲೆಹಾಕಬೇಕು, ಇಷ್ಟೊಂದು ಸಾಂಸ್ಕೃತಿಕ, ಧಾರ್ಮಿಕ ಪರಿಣಾಮವುಳ್ಳ ವಿಷಯದಲ್ಲಿ ಎಚ್ಚರ ತಪ್ಪಬಾರದು ಎಂಬುದು ಅವರ ವಾದ. ಕೂಗಾಟವಿಲ್ಲ, ರೋಷವಿಲ್ಲ. ನನಗೆ ಆ ರೀತಿ ಬಹಳ ಮೆಚ್ಚುಗೆಯಾಯಿತು. ರೋಗ ಬಂದಾಗ ಯಾರದಾದರೂ ಜಾತಿ, ಧರ್ಮ, ಅಂತ್ಯಸಂಸ್ಕಾರದ ಕಡೆ ಬೆರಳು ತೋರಿಸುವುದು ಎಷ್ಟು ಸುಲಭ! 2020ರ ಕೊರೋನಾ ದಿನಗಳಲ್ಲಿ ನಾವು ಅದನ್ನು ಉಂಡಿದ್ದೇವೆ. ಅಂದು ಬೊಟ್ಟು ಮಾಡಿದ್ದು ಹಿಂದೂ ಸಹೋದರರ ಅಂತ್ಯಸಂಸ್ಕಾರದ ಕಡೆಗೆ. ಯಾರ ಕಡೆಗೆ ಮಾಡಿದರೂ ಪುರಾವೆ ಬೇಕಲ್ಲವೇ?

ಭಾರತದ ದನಗಳಲ್ಲಿ ಹುಚ್ಚು ಹಸುವಿನ ರೋಗ ಒಮ್ಮೆಯೂ ದೃಢಪಟ್ಟಿಲ್ಲ. 2010ರಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದ ಅಪಾಯ ನಗಣ್ಯವಾಗಿರುವ ದೇಶಗಳ ಪಟ್ಟಿಗೆ ಸೇರಿಸಿತು. ಕಾರಣ ಸರಳ. ನಮ್ಮ ರೈತ ದನಕ್ಕೆ ಹಾಕುವುದು ಹುಲ್ಲು, ಸೊಪ್ಪೆ, ಹಿಂಡಿ, ತೌಡು. ಕುರಿಯ ಸ್ಕ್ರೇಪಿ ಮಾತ್ರ ಹಿಮಾಲಯದ ತಪ್ಪಲಿನ ಕುಮಾವೂನ್ ಕುರಿಗಳಲ್ಲಿ ಕಂಡಿತೆಂದು 1961ರಲ್ಲಿ ವರದಿಯಾಗಿತ್ತು. ಆದ್ದರಿಂದ 'ಭೇಜಾ ಫ್ರೈ ತಿನ್ನಬಹುದೇ' ಎಂದು ಕೇಳುವ ಸಹೋದರಿಯರಿಗೆ ನನ್ನ ಉತ್ತರ: ಆರೋಗ್ಯವಂತ ಕುರಿಯದಾದರೆ ಹೆದರಿ ಬಿಡಬೇಕಾಗಿಲ್ಲ. ಸುತ್ತುವ, ತೂರಾಡುವ, ಬಡಕಲಾದ ಕುರಿಯದು ಬೇಡವೇ ಬೇಡ.

ಹಾಗಾದರೆ ಆ ಟಗರಿಗೆ ಏನಾಗಿತ್ತು?

ಮರುದಿನ ಪಶುವೈದ್ಯರು ಬಂದು ಟಗರಿನ ತಲೆ ಒತ್ತಿ ನೋಡಿದರು. ಒಂದು ಕಡೆ ಬುರುಡೆ ಮೆತ್ತಗಾಗಿತ್ತು. ಇದು ಪ್ರಿಯಾನ್ ಅಲ್ಲ, ಮಿದುಳಿನಲ್ಲಿ ನೀರುಗುಳ್ಳೆ ಎಂದರು. ಇದರ ಕಥೆಯನ್ನು ಅವರು ವಿವರಿಸಿದಾಗ ನಾನು ಬೆರಗಾದೆ. ಏಕೆಂದರೆ ದಾರಿ ಅದೇ ದಾರಿ. ನಾಯಿಯ ಕರುಳಿನಲ್ಲಿ ಒಂದು ಜಾತಿಯ ಲಾಡಿಹುಳು ಇರುತ್ತದೆ. ಅದರ ಮೊಟ್ಟೆ ನಾಯಿಯ ಮಲದೊಂದಿಗೆ ಹುಲ್ಲಿಗೆ ಬೀಳುತ್ತದೆ. ಕುರಿ ಮೇಯುತ್ತದೆ. ಮರಿಹುಳು ರಕ್ತದಲ್ಲಿ ಹರಿದು ಮಿದುಳು ಸೇರಿ ಗುಳ್ಳೆಯಾಗಿ ಬೆಳೆಯುತ್ತದೆ. ಕುರಿ ಸುತ್ತಿ ಸುತ್ತಿ ಸಾಯುತ್ತದೆ. ಸತ್ತ ಕುರಿಯ ತಲೆಯನ್ನು ಕುರಿಗಾರ ಹಟ್ಟಿಯ ನಾಯಿಗೇ ಎಸೆಯುತ್ತಾನೆ. ನಾಯಿ ಆ ಮಿದುಳು ತಿನ್ನುತ್ತದೆ, ಗುಳ್ಳೆ ಅದರ ಕರುಳಿನಲ್ಲಿ ಮತ್ತೆ ಲಾಡಿಹುಳುವಾಗುತ್ತದೆ. ನಾಯಿಯ ಬದಲು ನರಿ, ತೋಳವಾದರೂ ಸರಿ. ನಮ್ಮ ಪಕ್ಕದ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ವನ್ಯಧಾಮವಿದೆ. ಬಯಲಿನಲ್ಲಿ ಬಿಸಾಡಿದ ಕುರಿಯ ಹೆಣ ರಾತ್ರಿ ಯಾರ ಹೊಟ್ಟೆ ಸೇರುತ್ತದೋ ನಾವು ನೋಡಲು ಹೋಗುವುದಿಲ್ಲ.

ಪ್ರಿಯಾನ್‌ಗೆ ನಾಯಿಯ ಮೈಯಲ್ಲಿ ಕವಚವಿದೆ ಎಂದೆನಲ್ಲ, ಲಾಡಿಹುಳುವಿಗೆ ಅದೇ ನಾಯಿ ತವರುಮನೆ. ಇದರ ಹತ್ತಿರದ ಇನ್ನೊಂದು ಹುಳು ಕುರಿಯ ಯಕೃತ್ತು, ಶ್ವಾಸಕೋಶಗಳಲ್ಲಿ ಗುಳ್ಳೆ ಕಟ್ಟುತ್ತದೆ. ಅದನ್ನು ತಿಂದ ನಾಯಿಯ ಮಲದಿಂದ ಮೊಟ್ಟೆಗಳು ಕೈಗೆ, ಸೊಪ್ಪಿಗೆ ಅಂಟಿ ನಮ್ಮ ಮಕ್ಕಳ ಹೊಟ್ಟೆಗೂ ಹೋಗಬಹುದು. ಮನುಷ್ಯನ ಯಕೃತ್ತಿನಲ್ಲಿ ಆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಆಮೇಲೆ ಹಲವು ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಬಕ್ರೀದ್ ದಿನ ಕುರ್ಬಾನಿ ಮುಗಿದ ಮೇಲೆ ನೀರುಗುಳ್ಳೆಯಿರುವ ಕಾಳಿಜ, ಫೇಫಡಾಗಳನ್ನು 'ಪಾಪ, ತಿನ್ನಲಿ' ಎಂದು ಓಣಿಯ ನಾಯಿಗಳಿಗೆ ಎಸೆಯುವವರು ಇದನ್ನು ದಯವಿಟ್ಟು ಗಮನಿಸಿ. ಗುಂಡಿ ತೋಡಿ ಆಳವಾಗಿ ಹೂಳಿ, ಅಥವಾ ಬೇಯಿಸಿ ಹಾಕಿ. ಪ್ರಿಯಾನ್‌ನಂತಲ್ಲ ಇದು, ಕುದಿಸಿದರೆ ಸಾಯುತ್ತದೆ. ಹಟ್ಟಿಯ ನಾಯಿಗಳಿಗೆ ಲಾಡಿಹುಳುವಿನ ಗುಳಿಗೆಯನ್ನು ಪಶುವೈದ್ಯರು ಹೇಳಿದ ಅವಧಿಗೊಮ್ಮೆ ತಪ್ಪದೆ ಕೊಡಿ.

ನಮ್ಮ ಊರುಗಳಲ್ಲಿ ನಿಜವಾಗಿಯೂ 'ಹುಚ್ಚು' ಹಿಡಿಯುವ ದನ, ಕುರಿ ಎಂದರೆ ಹೆಚ್ಚಾಗಿ ಹುಚ್ಚುನಾಯಿ ಕಚ್ಚಿದ್ದು. ಜೊಲ್ಲು ಸುರಿಸುವ, ವಿಚಿತ್ರವಾಗಿ ಕೂಗುವ ಪ್ರಾಣಿಯ ಬಾಯಿಗೆ ಕೈ ಹಾಕಬೇಡಿ. ಅದರ ಹಾಲು, ಮಾಂಸ ಮುಟ್ಟಬೇಡಿ. ಕೈ ಹಾಕಿ ಆಗಿದ್ದರೆ ಹದಿನೈದು ನಿಮಿಷ ಸೋಪಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ತೆಗೆದುಕೊಳ್ಳಿ. ತಾಯಿತ, ದಮ್ ಎಂದು ಒಂದು ವಾರ ಕಳೆಯುವ ರೋಗವಲ್ಲ ಅದು.

ಇನ್ನು ಕುರ್ಬಾನಿಯ ಮಾತು. ಎದ್ದು ಕಾಣುವ ಕುರುಡು, ಎದ್ದು ಕಾಣುವ ರೋಗ, ಎದ್ದು ಕಾಣುವ ಕುಂಟು, ಮೂಳೆಯಲ್ಲಿ ಮಜ್ಜೆಯೂ ಉಳಿಯದಷ್ಟು ಸೊರಗುವಿಕೆ, ಈ ನಾಲ್ಕು ದೋಷಗಳಿರುವ ಪ್ರಾಣಿ ಕುರ್ಬಾನಿಗೆ ಸಲ್ಲದೆಂದು ಬರಾಅ್ ಬಿನ್ ಆಝಿಬ್(ರ) ಅವರಿಂದ ವರದಿಯಿದೆ. ಹಾಗಾಗಿ ಆ ಟಗರನ್ನು ಸಂತೆಯಲ್ಲಿ ದಾಟಿಸಿದ್ದರೆ ಕೊಂಡವನ ಹಣವೂ ಹೋಗುತ್ತಿತ್ತು, ಕುರ್ಬಾನಿಯೂ ಸಲ್ಲುತ್ತಿರಲಿಲ್ಲ. ಹೊಲಸು ತಿಂದು ಬೆಳೆದ ಪ್ರಾಣಿಗೆ ಫಿಕ್ಹ್ ಗ್ರಂಥಗಳಲ್ಲಿ 'ಜಲ್ಲಾಲ' ಎಂಬ ಹೆಸರಿದೆ. ಅದರ ಮಾಂಸವನ್ನೂ ಹಾಲನ್ನೂ ಪ್ರವಾದಿ(ಸ) ತಡೆದರೆಂದು ಇಬ್ನು ಉಮರ್(ರ) ಅವರಿಂದ ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿ ಬಂದಿದೆ. ಅಂಥ ಕೋಳಿಯನ್ನು ಇಬ್ನು ಉಮರ್(ರ) ಮೂರು ದಿನ ಕೂಡಿಹಾಕಿ ಶುದ್ಧ ಮೇವು ಹಾಕಿ ಆಮೇಲೆ ಬಳಸುತ್ತಿದ್ದರು. ನಾನು ಓದುವಾಗ ಈ ಅಧ್ಯಾಯವನ್ನು ಉಸ್ತಾದರು ಬೇಗ ಬೇಗ ದಾಟಿಸಿದ್ದರು. ಈ ಕಾಲದಲ್ಲಿ ಇದರ ಅಗತ್ಯ ಬೀಳುವುದಿಲ್ಲ ಎಂದುಕೊಂಡಿದ್ದರೇನೋ. 2025ರಲ್ಲಿ ಅಮೆರಿಕ ತನ್ನ ಹಾಲಿನ ಪದಾರ್ಥಗಳನ್ನು ಭಾರತಕ್ಕೆ ಮಾರಬೇಕೆಂದು ಒತ್ತಾಯಿಸಿದಾಗ, ಆ ದನಗಳಿಗೆ ಪ್ರಾಣಿಜನ್ಯ ಮೇವು ಹಾಕಿಲ್ಲವೆಂದು ಪ್ರಮಾಣಪತ್ರ ಬೇಕೆಂದು ಭಾರತ ಪಟ್ಟು ಹಿಡಿಯಿತು. ಪತ್ರಿಕೆಗಳಲ್ಲಿ 'ಮಾಂಸಾಹಾರಿ ಹಾಲು' ಎಂದು ಓದಿರುತ್ತೀರಿ. ಹಿಂದೂ ಸಹೋದರರ ಭಾವನೆಯ ವಿಷಯವೆಂದು ಅಲ್ಲಿ ಬರೆದಿತ್ತು. ನಮ್ಮ ಫಿಕ್ಹ್‌ನ ವಿಷಯವೂ ಹೌದೆಂದು ಯಾರೂ ಬರೆಯಲಿಲ್ಲ.

ಟಗರು ಬದುಕಲಿಲ್ಲ. ವೈದ್ಯರು ಬುರುಡೆ ಕೊರೆದು ದೊಡ್ಡ ನೆಲ್ಲಿಕಾಯಿ ಗಾತ್ರದ ಗುಳ್ಳೆ ತೆಗೆದರೂ ನಾಲ್ಕನೆಯ ದಿನ ಸತ್ತಿತು. ಹಬ್ಬಕ್ಕೆ ಹನ್ನೆರಡು ಸಾವಿರವಾದರೂ ಬರುತ್ತಿತ್ತು ಎಂದು ಕುರಿಗಾರ ಲೆಕ್ಕ ಹಾಕಿದ. ಕಾಲುವೆಗೆ ಎಸೆಯಲು ಹೊರಟಿದ್ದವನನ್ನು ಅವನ ಮಗನೇ ತಡೆದನಂತೆ. ಇಬ್ಬರೂ ಸೇರಿ ಹೊಲದ ಮೂಲೆಯಲ್ಲಿ ಸೊಂಟದಾಳ ತೋಡಿ ಹೂತರು, ನಾಯಿ ಕೆದರದಂತೆ ಮೇಲೆ ಬಳ್ಳಾರಿ ಜಾಲಿಯ ಮುಳ್ಳು ಹೇರಿದರು. ನಾನು ಹೋದಾಗ ಹುಡುಗ ಹಟ್ಟಿಯ ಎರಡು ನಾಯಿಗಳಿಗೆ ಗುಳಿಗೆ ತಿನ್ನಿಸಲು ಹೆಣಗುತ್ತಿದ್ದ. ಒಂದು ನುಂಗಿತು. ಇನ್ನೊಂದು ಎರಡು ಸಲ ಉಗುಳಿತು, ಮೂರನೆಯ ಸಲ ಜೋಳದ ರೊಟ್ಟಿಯ ತುಂಡಿನಲ್ಲಿ ಸುತ್ತಿ ಕೊಟ್ಟ ಮೇಲೆ ಬಾಲ ಅಲ್ಲಾಡಿಸಿ ನುಂಗಿತು.